ಗುಡುಗುವ ಹೊಗೆ

ಜಗತ್ತಿನಲ್ಲಿ ಹೆಸರಾಂತ ಜಲಪಾತಗಳು ಅನೇಕ ಉಂಟು. ಕೆಲವು ಎತ್ತರದಿಂದ ಕೀರ್ತಿ ಪಡೆದಿವೆ. ಕೆಲವು ನೀರಿನ ಮೊತ್ತದಿಂದ. ಮತ್ತೆ ಕೆಲವು ಸುತ್ತಣ ಕಾಡುಬೆಟ್ಟಗಳ ಚೆಲುವಿನಿಂದ. ನಮ್ಮ ಜೋಗ 253 ಮೀಟರ್, ಎಂದರೆ 830 ಅಡಿಗಳಷ್ಟು ಆಳಕ್ಕೆ ಧುಮುಕುತ್ತದೆ. ಈ ದಿನ ನಾನು ಹೇಳಹೊರಟಿರುವ ಆಫ್ರಿಕದ ಜಲಪಾತದ ಎತ್ತರ ಇದರ ಅರ್ಧಕ್ಕೂ ಕಡಮೆ. ಹೆಚ್ಚೆಂದರೆ 108 ಮೀಟರ್. ಆದರೆ ಅದರ ಅಗಲ 1,708 ಮೀಟರ್. ಒಂದು ಮೈಲಿಗೂ ಮಿಗಿಲು. ಅಷ್ಟು ಅಗಲವಾದ ನದಿಯೊಂದು ಸಮತಟ್ಟಾದ ನೆಲದ ಮೇಲೆ ಸಾವಧಾನವಾಗಿ ಹರಿದುಬಂದು, ಅಡ್ಡಲಾಗಿ ಸೀಳಿರುವ ಬಿರುಕೊಂದರೊಳಕ್ಕೆ ಒಮ್ಮೆಗೇ ಇಳಿದುಹೋಗುತ್ತದೆ. ಅಗಲ ಎತ್ತರಗಳೆರಡನ್ನೂ ಸೇರಿಸಿ ನೋಡಿದರೆ, ಬೀಳುವ ನೀರಿನ ಇಷ್ಟು ದೊಡ್ಡ ಹಾಸು ಭೂಮಿಯ ಮೇಲೆ ಬೇರೊಂದಿಲ್ಲವೆಂದು ಬಲ್ಲವರು ಹೇಳುತ್ತಾರೆ. ನದಿಯ ಹೆಸರು ಜಾಂಬೆಜಿ. ಜಲಪಾತವು ಜಾಂಬಿಯಾ, ಜಿಂಬಾಬ್ವೆ ಎಂಬ ಎರಡು ದೇಶಗಳ ಗಡಿಯಲ್ಲಿದೆ. ಭೂಪಟಗಳಲ್ಲಿ ಇದು ವಿಕ್ಟೋರಿಯಾ ಜಲಪಾತ. ಅಲ್ಲಿಯವರ ಬಾಯಲ್ಲಿ ಇದು ‘ಮೋಸಿ-ವಾ-ತುನ್ಯಾ’. ಎಂದರೆ ಗುಡುಗುವ ಹೊಗೆ.

ಈ ಎರಡನೆಯ ಹೆಸರು ಎಷ್ಟು ಅರ್ಥವತ್ತಾದುದು ಎಂಬುದನ್ನು ವಿವರಿಸುವುದೇ ನನ್ನ ಇಂದಿನ ಮಾತಿನ ಉದ್ದೇಶ. ಒಂದು ವಸ್ತುವನ್ನು ಕಾಣುವುದು ಬೇರೆ, ಅದರೊಡನೆ ಬಾಳಿ ಅದನ್ನು ಅರಿಯುವುದು ಬೇರೆ. ಹೆಸರು ಅನೇಕ ವೇಳೆ ಆ ಅರಿವಿನ ಸಾರವಾಗಿರುತ್ತದೆ.

ನನ್ನ ಹೆಂಡತಿಯ ಅಣ್ಣ ಕೆಲವು ವರ್ಷಗಳಿಂದ ಜಾಂಬಿಯಾ ದೇಶದ ರಾಜಧಾನಿಯಾದ ಲುಸಾಕಾ ನಗರದಲ್ಲಿ ಅಧ್ಯಾಪಕರಾಗಿದ್ದಾರೆ. 2023ನೆಯ ಇಸವಿಯ ಬೇಸಗೆಯ ರಜೆಯಲ್ಲಿ ನಾವು ಅವರ ಮನೆಗೆ ಹೋದೆವು. ನಾವೆಂದರೆ ನಾನು, ನನ್ನ ಹೆಂಡತಿ, ಹನ್ನೆರಡು ವರ್ಷದ ಮಗಳು, ಒಂಬತ್ತು ವರ್ಷದ ಮಗ, ಮತ್ತು ಎಪ್ಪತ್ತು ದಾಟಿದ ನಮ್ಮ ಅತ್ತೆಯವರು. ಮೇ ತಿಂಗಳ ಮೊದಲ ವಾರದಲ್ಲಿ ಭಾವನವರ ಕಾರಿನಲ್ಲಿ ಎಲ್ಲರೂ ತೆಂಕಣಕ್ಕೆ ಹೊರಟೆವು. ಲುಸಾಕಾದಿಂದ ಜಲಪಾತದ ಸಮೀಪದ ಲಿವಿಂಗ್‌ಸ್ಟನ್ ಪಟ್ಟಣಕ್ಕೆ ಸುಮಾರು 480 ಕಿಲೋಮೀಟರ್ ದಾರಿ. ಮಜಬೂಕಾ ಎಂಬ ಊರಿನ ಬಳಿ ಕಬ್ಬಿನ ಗದ್ದೆಗಳು ಕಣ್ಣುಮುಟ್ಟುವವರೆಗೂ ಹಬ್ಬಿವೆ. ಅಲ್ಲಿಂದ ಮುಂದೆ ಮುಸುಕಿನ ಜೋಳದ ಹೊಲಗಳು, ಒಣ ಕುರುಚಲು ಕಾಡು, ಆಗಾಗ ಒಂದೊಂದು ಹಳ್ಳಿ. ದಾರಿಯಲ್ಲಿ ಊಟಕ್ಕೆ ನಿಂತ ಕಡೆ ‘ನ್ಷೀಮಾ’ ಎಂಬುದನ್ನು ಬಡಿಸಿದರು. ಅದು ಮುಸುಕಿನ ಜೋಳದ ಹಿಟ್ಟಿನ ಬಿಳಿಯ ಮುದ್ದೆ. ಕೈಯಿಂದ ಮುರಿದು, ಸೊಪ್ಪಿನ ಪಲ್ಯದಲ್ಲಿ ಅದ್ದಿ ತಿನ್ನತಕ್ಕದ್ದು. ಅತ್ತೆಯವರು ಒಂದು ತುತ್ತು ಬಾಯಿಗಿಟ್ಟು, “ಬಣ್ಣ ಬೇರೆ, ಅಷ್ಟೆ. ಇದು ನಮ್ಮದೇ” ಎಂದರು.

ಪಟ್ಟಣವು ಇನ್ನೂ ಕೆಲವು ಮೈಲಿ ದೂರದಲ್ಲಿರುವಾಗ ಮಗ ಕಿಟಕಿಯಿಂದ ಕೈ ತೋರಿಸಿ, “ಮಾವ, ಅಲ್ಲಿ ಕಾಡಿಗೆ ಬೆಂಕಿ ಬಿದ್ದಿದೆ” ಎಂದು ಕೂಗಿದನು. ದಿಗಂತದಲ್ಲಿ ಬಿಳಿಯ ಹೊಗೆಯ ಕಂಬಗಳು ಮೇಲೇರಿ ಮೋಡದೊಡನೆ ಬೆರೆಯುತ್ತಿದ್ದುವು. ಭಾವನವರು ನಕ್ಕು, “ಬೆಂಕಿಯಲ್ಲವಪ್ಪ, ನೀರು” ಎಂದರು. ಮೊದಲ ಸಲ ಬಂದವರಲ್ಲಿ ಬಹುಮಂದಿ ಹೀಗೆಯೇ ಭಾವಿಸುವರಂತೆ. ಆ ನಾಡಿನಲ್ಲಿ ಮಳೆಗಾಲ ಕಳೆದ ಮೇಲೆ ಒಣಹುಲ್ಲನ್ನು ಸುಡುವ ರೂಢಿಯುಂಟು. ದೂರದ ನೀರಿನ ಹಬೆಗೂ ಆ ಹೊಗೆಗೂ ನೋಟದಲ್ಲಿ ಭೇದ ಕಾಣುವುದಿಲ್ಲ. ನೀರು ತುಂಬಿರುವ ತಿಂಗಳುಗಳಲ್ಲಿ ಈ ತುಂತುರು 400 ಮೀಟರಿಗೂ ಮೇಲಕ್ಕೆ ಏರುತ್ತದೆ. ಸುಮಾರು 48 ಕಿಲೋಮೀಟರ್ ದೂರದಿಂದ ಕಂಡದ್ದೂ ಉಂಟು.

ನಾವು ಹೋದ ಕಾಲವು ಜಲಪಾತವು ತುಂಬಿದ್ದ ಕಾಲ. ಇದರಲ್ಲಿ ಒಂದು ವಿಶೇಷವಿದೆ. ಅಲ್ಲಿ ಮಳೆ ಬೀಳುವುದು ನವೆಂಬರಿನಿಂದ ಮಾರ್ಚಿಯವರೆಗೆ. ಆದರೆ ಜಲಪಾತಕ್ಕೆ ಪೂರ್ಣ ಪ್ರವಾಹ ಬರುವುದು ಮಳೆ ನಿಂತ ಮೇಲೆ, ಏಪ್ರಿಲ್ ತಿಂಗಳಲ್ಲಿ. ಜಾಂಬೆಜಿಯು ಜಾಂಬಿಯಾದ ವಾಯವ್ಯ ಮೂಲೆಯಲ್ಲಿ ಹುಟ್ಟಿ, ಅಂಗೋಲಾದಲ್ಲಿ ಕೆಲವು ದೂರ ಹರಿದು, ಮತ್ತೆ ಜಾಂಬಿಯಾಕ್ಕೆ ಬಂದು, ಬರೋಟ್ಸೆ ಎಂಬ ವಿಶಾಲವಾದ ಬಯಲನ್ನು ಪ್ರವೇಶಿಸುತ್ತದೆ. ಆ ಬಯಲು ನೆರೆಯ ನೀರನ್ನು ಒಂದು ದೊಡ್ಡ ಕೆರೆಯಂತೆ ಹಿಡಿದಿಟ್ಟುಕೊಂಡು ಮೆಲ್ಲಮೆಲ್ಲನೆ ಕೆಳಕ್ಕೆ ಬಿಡುತ್ತದೆ. ಅಲ್ಲಿ ವಾಸಿಸುವ ಲೋಜಿ ಜನರ ಅರಸನು ನೆರೆ ಏರಿದಾಗ ಬಯಲಿನ ಅರಮನೆಯನ್ನು ಬಿಟ್ಟು, ಕಪ್ಪುಬಿಳಿಯ ಪಟ್ಟೆಗಳ ದೊಡ್ಡ ದೋಣಿಯಲ್ಲಿ, ವಾದ್ಯಗಳ ಸಮೇತ, ದಿಣ್ಣೆಯ ಮೇಲಿನ ಅರಮನೆಗೆ ಮೆರವಣಿಗೆ ಹೋಗುತ್ತಾನೆ. ಇದಕ್ಕೆ ‘ಕುವೊಂಬೊಕಾ’ ಎಂದು ಹೆಸರು. ಅರಸನು ಮನೆ ಬದಲಾಯಿಸುವಷ್ಟು ನೀರು ಮೇಲೆ ಕೂಡಿದ್ದು, ಆಮೇಲೆ ಕೆಳಕ್ಕೆ ಇಳಿಯುತ್ತದೆ. ಒಂದು ವರ್ಷದ ಸರಾಸರಿಯನ್ನು ತೆಗೆದರೆ ಜಲಪಾತದಲ್ಲಿ ಸೆಕೆಂಡಿಗೆ ಸುಮಾರು 1,000 ಘನ ಮೀಟರ್ ನೀರು ಬೀಳುತ್ತದೆ. ಏಪ್ರಿಲಿನಲ್ಲಿ ಇದರ ಮೂರರಷ್ಟಾದರೆ, ಅಕ್ಟೋಬರ್ ನವೆಂಬರುಗಳಲ್ಲಿ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ.

ಮಾರನೆಯ ಬೆಳಗ್ಗೆ ಜಾಂಬಿಯಾದ ಕಡೆಯ ಉದ್ಯಾನಕ್ಕೆ ಹೋದೆವು. ಬಾಗಿಲಲ್ಲಿ ಬಾಡಿಗೆಗೆ ಮಳೆಯಂಗಿಗಳನ್ನು ಕೊಡುತ್ತಾರೆ. ಆಕಾಶ ನಿರ್ಮಲವಾಗಿ ಬಿಸಿಲು ಕಾಯುತ್ತಿರುವಾಗ ಇದೇಕೆ ಎಂದು ಮಕ್ಕಳು ಕೇಳಿದರು. ನೂರು ಹೆಜ್ಜೆ ನಡೆಯುವಷ್ಟರಲ್ಲಿ ಉತ್ತರ ದೊರಕಿತು. ಜಲಪಾತದ ಎದುರು ದಡದಲ್ಲಿ ಎರಡು ಬಂಡೆಗಳ ನಡುವೆ ಒಂದು ಕಾಲುಸೇತುವೆಯಿದೆ. ಚೂರಿಯ ಅಲಗೆಂದು ಅದರ ಹೆಸರು. ಅದರ ಮೇಲೆ ಕಾಲಿಟ್ಟೊಡನೆ ಆಗುಂಬೆಯ ಆಷಾಢ ನೆನಪಿಗೆ ಬಂದಿತು. ಮಳೆಯು ಮೇಲಿನಿಂದಲೂ ಬೀಳುತ್ತಿತ್ತು, ಪಕ್ಕದಿಂದಲೂ ಬೀಸುತ್ತಿತ್ತು, ಕೆಳಗಣ ಕಮರಿಯಿಂದ ಮೇಲಕ್ಕೂ ಬರುತ್ತಿತ್ತು. ಮುಂದೆ ನೋಡಿದರೆ ಬಿಳುಪು. ಹಿಂದೆ ನೋಡಿದರೆ ಬಿಳುಪು. ಮಗಳು ನನ್ನ ಕಿವಿಗೆ ಬಾಯಿಟ್ಟು, “ಅಪ್ಪ, ಜಲಪಾತ ಎಲ್ಲಿ?” ಎಂದು ಕಿರಿಚಿದಳು. ಅದು ನಮ್ಮೆದುರಿಗೆ ನೂರು ಮೀಟರಿನಷ್ಟು ದೂರದಲ್ಲಿತ್ತು. ಅದರ ಗುಡುಗಿನಿಂದ ಕಾಲಡಿಯ ಹಲಗೆ ಅದುರುತ್ತಿತ್ತು. ಆದರೆ ಕಣ್ಣಿಗೆ ಏನೂ ಕಾಣಿಸುತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಗಾಳಿಯು ತುಂತುರನ್ನು ಪಕ್ಕಕ್ಕೆ ಸರಿಸಿದಾಗ ಕರಿಯ ಬಂಡೆಯ ಮೇಲೆ ಇಳಿಯುವ ನೀರಿನ ಒಂದು ತುಂಡು ಕಂಡು, ನಾವು ಅದನ್ನು ಒಬ್ಬರಿಗೊಬ್ಬರು ತೋರಿಸುವಷ್ಟರಲ್ಲಿ ಮರೆಯಾಗುತ್ತಿತ್ತು.

ಜಲಪಾತವು ಅತ್ಯಂತ ದೊಡ್ಡದಾಗಿರುವಾಗ ಅದು ಕಾಣುವುದಿಲ್ಲ ಎಂಬುದು ಈ ಸ್ಥಳದ ಧರ್ಮ. ಬಂಡೆಯ ಮೈ ಪೂರ್ತಿಯಾಗಿ ಕಾಣಬೇಕಾದರೆ ನೀರು ಇಳಿಯುವ ತನಕ ಕಾಯಬೇಕು. ಇದನ್ನು ಅನುಭವಿಸಿದವರಿಗೆ ಹಳೆಯ ಹೆಸರಿನ ಸ್ವಾರಸ್ಯ ಹೊಳೆಯುತ್ತದೆ. ಆ ಹೆಸರಿನಲ್ಲಿ ‘ಬೀಳುವುದು’ ಎಂಬ ಮಾತಿಲ್ಲ. ನೀರು ಎಂಬ ಮಾತು ಸಹ ಇಲ್ಲ. ದೂರದ ಹಳ್ಳಿಯಿಂದ ನೋಡುವವನಿಗೆ ಕಾಣಿಸುವುದು ಹೊಗೆ; ರಾತ್ರಿಯಲ್ಲಿ ಮಲಗಿದವನಿಗೆ ಕೇಳಿಸುವುದು ಗುಡುಗು. ವಿಕ್ಟೋರಿಯಾ ರಾಣಿಯ ಹೆಸರು ಗೌರವಾರ್ಥವಾಗಿ ಇಟ್ಟದ್ದು. ಅದನ್ನು ಯಾವ ಸರೋವರಕ್ಕಾದರೂ ನಿಲ್ದಾಣಕ್ಕಾದರೂ ಇಡಬಹುದು, ಇಟ್ಟೂ ಇದ್ದಾರೆ. ‘ಗುಡುಗುವ ಹೊಗೆ’ ಎಂಬುದು ಈ ಒಂದು ಸ್ಥಳಕ್ಕೆ ಮಾತ್ರ ಹೊಂದುತ್ತದೆ.

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಮೋಸಿ-ವಾ-ತುನ್ಯಾ ಎಂಬುದು ಕೊಲೊಲೊ ಎಂಬ ಜನರ ನುಡಿ. ಅವರೂ ಹೊರಗಿನಿಂದ ಬಂದವರೇ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸೆಬೆಟ್ವಾನೆ ಎಂಬ ನಾಯಕನ ಹಿಂದೆ ತೆಂಕಣದಿಂದ ಬಂದು ಈ ಪ್ರದೇಶವನ್ನು ಗೆದ್ದರು. 1864ರಲ್ಲಿ ಲೋಜಿ ಜನರು ಅವರ ಆಳ್ವಿಕೆಯನ್ನು ಕೊನೆಗಾಣಿಸಿದರು. ಆದರೆ ಅವರ ಭಾಷೆ ಉಳಿದುಕೊಂಡಿತು. ಅವರಿಗಿಂತ ಹಿಂದಿನಿಂದ ಜಲಪಾತದ ಬಳಿ ಇರುವ ತೋಂಗಾ ಜನರಲ್ಲಿ ಇದಕ್ಕೆ ‘ಷುಂಗು ನಾಮುತಿತಿಮಾ’ ಎಂದು ಬೇರೆಯ ಹೆಸರಿದೆ. ಕುದಿಯುವ ನೀರು ಎಂದು ಅದರ ಅರ್ಥವನ್ನು ಹೇಳುತ್ತಾರೆ. ಇವರೆಲ್ಲರಿಗಿಂತ ಎಷ್ಟೋ ಮೊದಲು, ಹೆಸರು ತಿಳಿಯದ ಜನರು ಇಲ್ಲಿ ಇದ್ದರು; ಜಲಪಾತದ ಸುತ್ತ ಅವರ ಕಲ್ಲಿನ ಆಯುಧಗಳು ದೊರೆತಿವೆ. ಅವರು ಇದನ್ನು ಏನೆಂದು ಕರೆಯುತ್ತಿದ್ದರೋ ಬಲ್ಲವರಾರು!

ಇನ್ನು ಡೇವಿಡ್ ಲಿವಿಂಗ್‌ಸ್ಟನ್ನನ ವಿಚಾರ. ಸ್ಕಾಟ್ಲೆಂಡಿನಲ್ಲಿ ಬಡ ಮನೆಯಲ್ಲಿ ಹುಟ್ಟಿ, ಹತ್ತಿಯ ಗಿರಣಿಯಲ್ಲಿ ದುಡಿದು, ಓದಿ ವೈದ್ಯನೂ ಪಾದ್ರಿಯೂ ಆದ ಈತನ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು. ಗುಲಾಮರ ವ್ಯಾಪಾರವನ್ನು ಕಂಡು ಮರುಗಿ, ಅದನ್ನು ಜಗತ್ತಿಗೆ ತಿಳಿಸಿದವರಲ್ಲಿ ಆತನು ಮುಖ್ಯನು. 1851ರಲ್ಲಿ ಸೆಬೆಟ್ವಾನೆಯನ್ನು ಕಂಡಾಗ, ನಿನ್ನ ದೇಶದಲ್ಲಿ ಸದ್ದು ಮಾಡುವ ಹೊಗೆಯುಂಟೆ ಎಂದು ಆ ನಾಯಕನು ಈತನನ್ನು ವಿಚಾರಿಸಿದ್ದನಂತೆ. 1855ನೆಯ ಇಸವಿ ನವೆಂಬರ್ 16ನೆಯ ತಾರೀಖು, ಸೆಬೆಟ್ವಾನೆಯ ಮಗನಾದ ಸೆಕೆಲೆಟು ಅರಸನ ನೆರವಿನಿಂದ, ಕೊಲೊಲೊ ಅಂಬಿಗರು ನಡೆಸುವ ಸಣ್ಣ ದೋಣಿಯಲ್ಲಿ ಕುಳಿತು, ಜಲಪಾತದ ಅಂಚಿನಲ್ಲಿಯೇ ಇರುವ ನಡುಗಡ್ಡೆಗೆ ಆತನು ಬಂದಿಳಿದನು. ನದಿಯು ಎಲ್ಲಿ ಸೆಳೆಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ಬಲ್ಲ ಅಂಬಿಗರಿಲ್ಲದೆ ಅಲ್ಲಿಗೆ ಹೋಗುವುದು ಸಾಧ್ಯವಿಲ್ಲ. ನಡುಗಡ್ಡೆಯಲ್ಲಿ ಆತನು ಪೀಚ್ ಮುಂತಾದ ಹಣ್ಣುಗಳ ಬೀಜಗಳನ್ನೂ ಕಾಫಿಬೀಜಗಳನ್ನೂ ಬಿತ್ತಿ, ಒಂದು ಮರದ ಮೇಲೆ ತನ್ನ ಹೆಸರಿನ ಮೊದಲಕ್ಷರಗಳನ್ನೂ ಇಸವಿಯನ್ನೂ ಕೆತ್ತಿದನು. 1860ರಲ್ಲಿ ಮತ್ತೆ ಬಂದು ನೋಡಿದಾಗ ನೀರಾನೆಗಳು ತೋಟವನ್ನು ತುಳಿದುಹಾಕಿದ್ದುವು! ಆ ಸಲ ಒಂದು ಹಗ್ಗಕ್ಕೆ ಬಂದೂಕದ ಸೀಸದ ಗುಂಡುಗಳನ್ನೂ ಬಿಳಿಯ ಬಟ್ಟೆಯ ಚೂರನ್ನೂ ಕಟ್ಟಿ ಕಮರಿಗೆ ಇಳಿಬಿಟ್ಟು ಆಳವನ್ನು ಅಳೆದನು. 310 ಅಡಿ ಹಗ್ಗ ಇಳಿದು ಬಂಡೆಯ ಇಳಿಜಾರಿನಲ್ಲಿ ನಿಂತಿತು. ಮೊದಲ ಸಲ ಕಣ್ಣಂದಾಜಿನಿಂದ ಹೇಳಿದುದು ಬರಿಯ 100 ಅಡಿ. ಅಳೆದು ತಿದ್ದಿಕೊಳ್ಳುವ ಈ ಗುಣವು ಪಾಶ್ಚಾತ್ಯ ವಿದ್ಯೆಯ ದೊಡ್ಡ ಗುಣ. ಅದನ್ನು ನಾವು ಮೆಚ್ಚತಕ್ಕದ್ದೇ ಸರಿ.

ಆತನ ಕಥೆಯ ಕೊನೆಯ ಭಾಗಕ್ಕೂ ನಮ್ಮ ದೇಶಕ್ಕೂ ಒಂದು ನಂಟಿದೆ. 1873ರಲ್ಲಿ ಇಂದಿನ ಜಾಂಬಿಯಾದ ಚಿತಾಂಬೊ ಎಂಬಲ್ಲಿ ಲಿವಿಂಗ್‌ಸ್ಟನ್ನನು ತೀರಿಕೊಂಡನು. ಜೊತೆಯಲ್ಲಿದ್ದ ಆಫ್ರಿಕದ ಸೇವಕರು ಆತನ ಹೃದಯವನ್ನು ಅಲ್ಲಿಯೇ ಮರದ ಬುಡದಲ್ಲಿ ಹೂಳಿ, ದೇಹವನ್ನು ಒಣಗಿಸಿ ಕಟ್ಟಿಕೊಂಡು, ತಿಂಗಳುಗಟ್ಟಲೆ ನಡೆದು, ಸಾವಿರ ಮೈಲಿಗೂ ಹೆಚ್ಚಿನ ದಾರಿಯನ್ನು ಕ್ರಮಿಸಿ ಸಮುದ್ರತೀರಕ್ಕೆ ತಲುಪಿಸಿದರು. ಅವರಲ್ಲಿ ಸೂಸಿ, ಚೂಮಾ ಎಂಬಿಬ್ಬರು ಹಿಂದೆ ಕೆಲವು ಕಾಲ ಮುಂಬಯಿಯಲ್ಲಿದ್ದವರು. ಅಲ್ಲಿ ಪ್ರಾರ್ಥನೆಯನ್ನು ಓದಿ, ಮರದ ಮೇಲೆ ಸ್ಮಾರಕದ ಅಕ್ಷರಗಳನ್ನು ಕೆತ್ತಿದ ಜೇಕಬ್ ವೇನ್‌ರೈಟ್ ಎಂಬ ಯುವಕನು ಗುಲಾಮತನದಿಂದ ಬಿಡುಗಡೆ ಹೊಂದಿ ನಾಸಿಕದ ಮಿಷನ್ ಶಾಲೆಯಲ್ಲಿ ಓದಿದವನು. ಗೋದಾವರಿಯ ದಡದ ಪಾಠಶಾಲೆಯಲ್ಲಿ ಕಲಿತ ಅಕ್ಷರ ಆಫ್ರಿಕದ ನಟ್ಟನಡುವೆ ಒಂದು ಮರದ ಮೇಲೆ ಮೂಡಿತು. ಜಲಪಾತದ ಬಳಿ ಲಿವಿಂಗ್‌ಸ್ಟನ್ನನ ಪ್ರತಿಮೆಗಳಿವೆ. ಅದರ ಮುಂದೆ ನಿಂತು ಮಗಳು, “ದೋಣಿ ನಡೆಸಿದವರ ಪ್ರತಿಮೆ ಎಲ್ಲಪ್ಪ?” ಎಂದು ಕೇಳಿದಳು. ಅವರ ಪ್ರತಿಮೆ ನಮಗೆ ಎಲ್ಲಿಯೂ ಕಾಣಲಿಲ್ಲ. ಅವರು ನುಡಿಯುತ್ತಿದ್ದ ಹೆಸರೇ ಅವರ ಗುರುತು ಎಂದು ಹೇಳಿದೆ.

ಅತ್ತೆಯವರಿಗೆ ಮಂಡಿನೋವು, ತೊಯ್ದ ಮೆಟ್ಟಲುಗಳನ್ನು ಇಳಿಯಲಾರರು. ಆದುದರಿಂದ ಅವರನ್ನು ಜಲಪಾತದ ಮೇಲ್ಭಾಗದಲ್ಲಿ, ನದಿಯು ಇನ್ನೂ ನದಿಯಾಗಿಯೇ ಹರಿಯುತ್ತಿರುವ ದಡದಲ್ಲಿ, ನೀರಿಗೆ ತಕ್ಕಷ್ಟು ದೂರವಾಗಿ ಒಂದು ಮರದ ನೆರಳಿನಲ್ಲಿ ಕೂರಿಸಿದ್ದೆವು. ನನ್ನ ಹೆಂಡತಿ ಅವರೊಡನೆ ಉಳಿದಳು. ನಾವು ತೊಪ್ಪೆಯಾಗಿ ಹಿಂದಿರುಗುವಷ್ಟರಲ್ಲಿ ಎರಡು ಸಂಗತಿಗಳು ನಡೆದಿದ್ದುವು. ಒಂದನೆಯದು, ಬಬೂನ್ ಜಾತಿಯ ದೊಡ್ಡ ಕಪಿಯೊಂದು ನಮ್ಮ ಚಪಾತಿಯ ಗಂಟನ್ನು ಹೊತ್ತುಕೊಂಡು ಹೋಗಿ ಮರದ ಮೇಲೆ ಕುಳಿತು ಚಟ್ನಿಪುಡಿಯ ಖಾರಕ್ಕೆ ಮುಖ ಸಿಂಡರಿಸುತ್ತಿತ್ತು. ಎರಡನೆಯದು, ಅತ್ತೆಯವರು ಚೀಲದಲ್ಲಿದ್ದ ಕುಂಕುಮದ ಭರಣಿಯನ್ನು ತೆಗೆದು, ಒಂದು ಚಿಟಿಕೆಯನ್ನು ಎಲೆಯ ಮೇಲಿಟ್ಟು, ನದಿಯ ಕಡೆಗೆ ತಿರುಗಿ ಕೈಮುಗಿದು ಕುಳಿತಿದ್ದರು. “ಯಾವ ದೇಶದಲ್ಲಿದ್ದರೇನು, ಗಂಗೆಯಲ್ಲವೆ? ಎಷ್ಟು ಹೊತ್ತಿನಿಂದ ಮಾತಾಡುತ್ತಲೇ ಇದ್ದಾಳೆ” ಎಂದರು. ಅವರು ಜಲಪಾತವನ್ನು ನೋಡಲೇ ಇಲ್ಲ, ಕೇಳಿದರು.

ಇದನ್ನು ನಾನು ಬರಿಯ ಮುದುಕಿಯರ ಭಕ್ತಿಯೆಂದು ಹೇಳುತ್ತಿಲ್ಲ. ಲಿವಿಂಗ್‌ಸ್ಟನ್ನನೇ ಬರೆದಿಟ್ಟಿರುವಂತೆ, ಆತನು ಬರುವುದಕ್ಕೆ ಮೊದಲು ಆ ಪ್ರದೇಶದ ನಾಯಕರು ಜಲಪಾತದ ಹತ್ತಿರ ಮೂರು ಸ್ಥಳಗಳಲ್ಲಿ, ಕಾಮನಬಿಲ್ಲು ಕಾಣುವಂತೆ ನಿಂತು, ದೈವಗಳಿಗೂ ಪಿತೃಗಳಿಗೂ ಪೂಜೆ ಸಲ್ಲಿಸುತ್ತಿದ್ದರು. ಗುಡುಗು ನಿಲ್ಲುವುದಿಲ್ಲ, ಬಿಲ್ಲು ಅಳಿಯುವುದಿಲ್ಲ. ಅದನ್ನು ಕಂಡವರು ಅಲ್ಲಿ ತಮಗಿಂತ ಹಿರಿದಾದುದೊಂದು ನೆಲಸಿದೆಯೆಂದು ತಿಳಿದರು. ಇದೂ ಒಂದು ಬಗೆಯ ಅರಿವು. ಹಗ್ಗ ಇಳಿಬಿಟ್ಟು ಅಳೆದುದಕ್ಕೂ ಇದಕ್ಕೂ ವಿರೋಧವಿಲ್ಲ, ಎರಡೂ ಬೇಕು.

ಆ ದಿನದ ರಾತ್ರಿ ಮತ್ತೆ ಉದ್ಯಾನಕ್ಕೆ ಹೋದೆವು. ವೈಶಾಖ ಹುಣ್ಣಿಮೆಯ ಮರುದಿನ. ಹುಣ್ಣಿಮೆಯ ಆಸುಪಾಸಿನಲ್ಲಿ ರಾತ್ರಿಯೂ ಬಾಗಿಲು ತೆರೆದಿಡುತ್ತಾರೆ. ಚಂದ್ರನು ನಮ್ಮ ಬೆನ್ನ ಹಿಂದೆ ಮೂಡಣದಲ್ಲಿ ಏರಿದಾಗ, ಎದುರಿನ ತುಂತುರಿನಲ್ಲಿ ಒಂದು ಬಿಲ್ಲು ಮೂಡಿತು. ಹಗಲಿನ ಬಿಲ್ಲಿನ ಬಣ್ಣಗಳು ಅದರಲ್ಲಿಯೂ ಉಂಟು. ಆದರೆ ಬೆಳಕು ಅಲ್ಪವಾದ್ದರಿಂದ ಮನುಷ್ಯನ ಕಣ್ಣಿಗೆ ಅದು ಹಾಲಿನಂತೆ ಬೆಳ್ಳಗೆ ತೋರುತ್ತದೆ. ಮಕ್ಕಳು ಮೊದಲ ಸಲ ಆ ದಿನ ಮಾತಿಲ್ಲದೆ ನಿಂತರು.

ಮೂರನೆಯ ದಿನ ರಹದಾರಿಗಳನ್ನು ತೋರಿಸಿ, ಸೇತುವೆಯ ಮೇಲೆ ನಡೆದು ಜಿಂಬಾಬ್ವೆಗೆ ದಾಟಿದೆವು. ಈ ಉಕ್ಕಿನ ಸೇತುವೆಯು ಜಲಪಾತದ ಕೆಳಗಿನ ಕಮರಿಗೆ ಅಡ್ಡಲಾಗಿ, ನೀರಿನಿಂದ 128 ಮೀಟರ್ ಎತ್ತರದಲ್ಲಿದೆ. ಬಂಡಿಯ ಮೇಲೆ ಜಲಪಾತದ ತುಂತುರು ಬೀಳುವ ಹಾಗೆ ರೈಲುದಾರಿ ಹಾಯಬೇಕೆಂಬುದು ಸೆಸಿಲ್ ರೋಡ್ಸ್ ಎಂಬ ಪ್ರಸಿದ್ಧ ಸಾಮ್ರಾಜ್ಯಕಟ್ಟುಗನ ಆಸೆಯಾಗಿತ್ತು. ಆತನು ಜಲಪಾತವನ್ನು ಒಮ್ಮೆಯೂ ನೋಡದೆ 1902ರಲ್ಲಿ ಸತ್ತನು. ಭಾಗಗಳನ್ನು ಇಂಗ್ಲೆಂಡಿನಲ್ಲಿ ತಯಾರಿಸಿ, ಹಡಗಿನಲ್ಲಿಯೂ ರೈಲಿನಲ್ಲಿಯೂ ತಂದು, ಎರಡು ದಡಗಳಿಂದ ಕಮಾನನ್ನು ಚಾಚುತ್ತ ಬಂದರು. ಕೂಡಿಸುವ ಸಮಯಕ್ಕೆ ಎರಡು ತುದಿಗಳೂ ಬಿಸಿಲಿಗೆ ಹಿಗ್ಗಿ ಒಂದಂಗುಲಕ್ಕೂ ಹೆಚ್ಚು ಒಂದನ್ನೊಂದು ಮೀರಿದುವು. ರಾತ್ರಿಯ ತಂಪಿಗೆ ಉಕ್ಕು ಕುಗ್ಗಿ, 1905ನೆಯ ಏಪ್ರಿಲ್ 1ರ ಬೆಳಗ್ಗೆ ಸರಿಯಾಗಿ ಕೂಡಿದುವು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನ ಮಗನೂ ಗಣಿತಜ್ಞನೂ ಆದ ಜಾರ್ಜ್ ಡಾರ್ವಿನ್ನನು ಅದನ್ನು ತೆರೆದನು. 1975ರ ಆಗಸ್ಟಿನಲ್ಲಿ, ಅಂದಿನ ರೊಡೀಷಿಯಾದ ಬಿಳಿಯರ ಸರ್ಕಾರವೂ ಸ್ವಾತಂತ್ರ್ಯ ಬೇಡುತ್ತಿದ್ದ ಆಫ್ರಿಕದ ಮುಖಂಡರೂ ಇದೇ ಸೇತುವೆಯ ಮೇಲೆ ನಿಲ್ಲಿಸಿದ ರೈಲುಗಾಡಿಯಲ್ಲಿ ಕುಳಿತು ಸಂಧಾನ ನಡೆಸಿದರು, ಅದು ಮುರಿದುಬಿದ್ದಿತು. ಜಾಂಬಿಯಾ 1964ರಲ್ಲಿ ಸ್ವತಂತ್ರವಾಗಿದ್ದಿತು. ಜಿಂಬಾಬ್ವೆ 1980ರ ತನಕ ಕಾಯಬೇಕಾಯಿತು.

ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ನದಿಯ ಹಳೆಯ ಚರಿತ್ರೆ ತಿಳಿಯುತ್ತದೆ. ಒಂದು ಮೈಲಿ ಅಗಲವಾಗಿ ಬಿದ್ದ ನದಿಗೆ ಆ ಬಿರುಕಿನಿಂದ ಹೊರಬರಲು ನೂರು ಮೀಟರಿಗೆ ತುಸು ಹೆಚ್ಚು ಅಗಲದ ಒಂದೇ ಒಂದು ಬಾಗಿಲಿದೆ. ಅದರಲ್ಲಿ ನುಗ್ಗಿದ ನೀರು ಮುಂದೆ ಎಡಕ್ಕೂ ಬಲಕ್ಕೂ ಹಾವಿನಂತೆ ಹೊರಳುವ ಕಮರಿಗಳ ಸಾಲನ್ನು ಹಿಡಿಯುತ್ತದೆ. ಈ ನೆಲವು ಸುಮಾರು 18 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಹರಿದ ಕರಗಿದ ಕಲ್ಲು ಆರಿ ಗಟ್ಟಿಯಾದುದು. ಆರುವಾಗ ಅದರಲ್ಲಿ ಬಿರುಕುಗಳುಂಟಾಗಿ, ಮುಂದೆ ಮೆದುವಾದ ಮಣ್ಣುಕಲ್ಲುಗಳಿಂದ ತುಂಬಿಕೊಂಡುವು. ನದಿಯು ಮೆದುವಾದುದನ್ನು ಕೊರೆದು, ಬಿರುಕನ್ನು ತೋಡಿ, ಅದರೊಳಕ್ಕೆ ಬೀಳುತ್ತದೆ. ಬಿದ್ದುಬಿದ್ದು ಮೇಲಂಚಿನ ಒಂದು ದುರ್ಬಲವಾದ ಕಡೆಯಲ್ಲಿ ಹಿಂದಕ್ಕೆ ಕೊರೆದುಕೊಂಡು ಹೋಗಿ ಮುಂದಿನ ಬಿರುಕನ್ನು ಮುಟ್ಟುತ್ತದೆ. ಆಗ ಜಲಪಾತವೇ ಅಲ್ಲಿಗೆ ಸರಿಯುತ್ತದೆ. ಹಳೆಯ ಸ್ಥಾನ ಬರಿಯ ಕಮರಿಯಾಗಿ ಉಳಿಯುತ್ತದೆ. ಕೆಳಗಿನ ಆ ಕಮರಿಗಳು ಒಂದೊಂದೂ ಒಂದು ಕಾಲದಲ್ಲಿ ಜಲಪಾತವಾಗಿದ್ದುವು. ಜಿಂಬಾಬ್ವೆಯ ಕಡೆಯ ಪಡುವಣ ಅಂಚಿನಲ್ಲಿರುವ, ದೆವ್ವದ ಹೆಸರು ಹೊತ್ತಿರುವ ಭಾಗವು ಉಳಿದೆಲ್ಲ ಭಾಗಗಳಿಗಿಂತ ತಗ್ಗಾಗಿದೆ. ಮುಂದಿನ ಜಲಪಾತಕ್ಕೆ ನದಿಯು ಅಲ್ಲಿ ಈಗಾಗಲೇ ಅಸ್ತಿಭಾರ ತೋಡಿದೆ. ನಾವು ಸ್ಥಿರವೆಂದು ನೋಡಬಂದ ವಸ್ತು ನಡೆಯುತ್ತಿದೆ. ಮನುಷ್ಯನ ಗಡಿಯಾರಕ್ಕೆ ತಿಳಿಯುವುದಿಲ್ಲ, ಅಷ್ಟೆ.

ಆದರೆ ನದಿಯ ಕಾಲವು ಬೇರೆ, ಅದನ್ನು ನಂಬಿದ ಜನರ ಕಾಲವು ಬೇರೆ. ಜಾಂಬಿಯಾದ ವಿದ್ಯುಚ್ಛಕ್ತಿಯಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ನೀರಿನಿಂದ ಬರತಕ್ಕದ್ದು. ಜಲಪಾತದ ಪಕ್ಕದಲ್ಲಿಯೇ 1938ರಲ್ಲಿ ಒಂದು ಸಣ್ಣ ವಿದ್ಯುದಾಗಾರವನ್ನು ಆರಂಭಿಸಿದರು. ಈಗ ಅದರ ಶಕ್ತಿ 108 ಮೆಗಾವಾಟ್. ಇದೇ ನದಿಗೆ ಇನ್ನೂ ಕೆಳಗೆ ಕರೀಬಾ ಎಂಬಲ್ಲಿ 1955ರಿಂದ 1959ರ ವರೆಗೆ ಕಟ್ಟಿದ ಅಣೆಕಟ್ಟಿನ ಜಲಾಶಯವು 280 ಕಿಲೋಮೀಟರ್ ಉದ್ದವಾಗಿದೆ. ಅದರ ನೀರಿನಡಿಯಲ್ಲಿ ಸುಮಾರು 57,000 ತೋಂಗಾ ಜನರ ಮನೆಹೊಲಗಳು ಮುಳುಗಿದುವು. ಜಲಪಾತಕ್ಕೆ ಹಳೆಯ ಹೆಸರಿಟ್ಟವರ ನಂಟರೇ ಇವರು. ಇವರ ನಂಬಿಕೆಯಂತೆ ನದಿಯಲ್ಲಿ ನ್ಯಾಮಿನ್ಯಾಮಿ ಎಂಬ ಸರ್ಪರೂಪದ ದೇವತೆಯಿದ್ದಾನೆ. 1957ರಲ್ಲಿಯೂ 1958ರಲ್ಲಿಯೂ ಬಂದ ಭಯಂಕರ ಪ್ರವಾಹಗಳು ಕಟ್ಟಡದ ಕೆಲಸವನ್ನು ಕೊಚ್ಚಿಕೊಂಡು ಹೋದಾಗ ಅದು ಆತನ ಕೋಪವೆಂದರು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿದಾಗ ಊರು ಬಿಟ್ಟವರನ್ನೂ, ಬೇಸಗೆಯಲ್ಲಿ ಎಳೆಯಂತಾಗುವ ಜೋಗವನ್ನೂ ಬಲ್ಲ ನಮಗೆ ಈ ಕಥೆ ಹೊಸದಾಗಿ ತೋರದು.

2019ರ ಕೊನೆಯಲ್ಲಿ ಜಾಂಬೆಜಿಯ ನೀರು ಕಾಲು ಶತಮಾನದಲ್ಲಿಯೇ ಕಾಣದಷ್ಟು ಇಳಿದು, ಬೋಳು ಬಂಡೆಯ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದುವು. ಜಾಂಬಿಯಾದ ಕಡೆಯ ಮೂಡಣ ಭಾಗವು ಪ್ರತಿವರ್ಷವೂ ಒಣ ತಿಂಗಳಲ್ಲಿ ಬತ್ತುವುದುಂಟು. ಆದ್ದರಿಂದ ಒಂದು ಚಿತ್ರವನ್ನು ಕಂಡು ಜಲಪಾತ ಸತ್ತಿತೆನ್ನುವುದು ತಪ್ಪು. ಆದರೆ 2024ರಲ್ಲಿ ಮಳೆ ನಿಜವಾಗಿಯೂ ಕೈಕೊಟ್ಟಿತು. ಆ ವರ್ಷ ಫೆಬ್ರವರಿ 29ರಂದು ಜಾಂಬಿಯಾ ಸರ್ಕಾರವು ಬರವನ್ನು ರಾಷ್ಟ್ರೀಯ ವಿಪತ್ತೆಂದು ಸಾರಿತು. ಜೋಳದ ಪೈರು ಒಣಗಿತು. ಕರೀಬಾದ ನೀರು ತಳ ಹಿಡಿಯಿತು. ಲುಸಾಕಾದ ಮನೆಗಳಲ್ಲಿ ದಿನದ ಬಹುಭಾಗ ವಿದ್ಯುತ್ತಿರಲಿಲ್ಲ. ಭಾವನವರು ದೂರವಾಣಿಯಲ್ಲಿ ಮಾತಾಡುತ್ತ, ಇದ್ದಲಿನ ಒಲೆಯ ಮೇಲೆ ಅಡುಗೆ ಮಾಡುತ್ತಿರುವುದಾಗಿಯೂ, ವಿದ್ಯಾರ್ಥಿಗಳು ಮೇಣದ ಬತ್ತಿಯಲ್ಲಿ ಓದುತ್ತಿರುವುದಾಗಿಯೂ ತಿಳಿಸಿದರು. “ಲಿವಿಂಗ್‌ಸ್ಟನ್ನಿಗೆ ಹೋಗಿದ್ದೆ. ಈ ವರ್ಷ ಹೊಗೆ ತೀರ ಸಣ್ಣದು. ನೀವು ಬಂದಾಗ ನೋಡಿದ್ದಿರಲ್ಲ, ಅದರ ಕಾಲು ಭಾಗವೂ ಇಲ್ಲ” ಎಂದರು. ಬಹಳ ಹೊತ್ತು ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಆ ಊರಿನಲ್ಲಿ ಹೊಗೆ ಎಂಬುದು ಪ್ರವಾಸಿಯ ಕಣ್ಣಿಗೆ ಹಬ್ಬ ಮಾತ್ರವಲ್ಲ. ಅದು ಅಂಗೋಲಾದ ಬೆಟ್ಟಗಳಲ್ಲಿ, ಬರೋಟ್ಸೆಯ ಬಯಲಿನಲ್ಲಿ ಎಷ್ಟು ಮಳೆಯಾಯಿತು, ಮುಂದೆ ಎಷ್ಟು ಮನೆಗಳಲ್ಲಿ ದೀಪ ಉರಿಯುವುದು ಎಂಬ ಲೆಕ್ಕ. ಅದನ್ನು ಓದಬಲ್ಲವರಿಗೆ ದಿಗಂತದ ಮೇಲೆ ಬರೆದಿಟ್ಟಿದೆ.

ಎರಡು ದೇಶಗಳಿಗೂ ಬೆಳಕು ಬೇಕು. ಬಡತನದಲ್ಲಿ ನರಳುವವರಿಗೆ, ಜಲಪಾತದ ಚೆಲುವನ್ನು ನೋಡಿ ತೃಪ್ತರಾಗಿರಿ ಎನ್ನುವ ಅಧಿಕಾರ ಹೊರಗಿನವರಿಗಿಲ್ಲ. ಆದರೆ ಮಳೆ ತಪ್ಪಿದರೆ ವಿದ್ಯುದಾಗಾರವೂ ನಿಲ್ಲುತ್ತದೆ, ಜಲಪಾತವೂ ಸೊರಗುತ್ತದೆ. ನದಿಯನ್ನು ಇನ್ನೂ ಹೆಚ್ಚಾಗಿ ಹಿಂಡುವುದರಿಂದ ಆ ಕೊರತೆ ತೀರುವಂತಿಲ್ಲ. ಬಿಸಿಲು ಗಾಳಿಗಳಿಂದ ಶಕ್ತಿಯನ್ನು ಪಡೆಯುವ ಯತ್ನಗಳು ಅಲ್ಲಿ ನಡೆಯುತ್ತಿವೆಯೆಂಬುದು ಸಮಾಧಾನದ ವಿಷಯ. 1989ರಲ್ಲಿ ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೊ ಈ ಸ್ಥಳವನ್ನು ಲೋಕದ ಸಮಾನ ಆಸ್ತಿಗಳ ಪಟ್ಟಿಗೆ ಸೇರಿಸಿದಾಗ ಎರಡು ಹೆಸರುಗಳನ್ನೂ ಬರೆದುಕೊಂಡಿತು. ಅದರಲ್ಲಿ ಹಳೆಯ ಹೆಸರು ಮೊದಲು ಬರುತ್ತದೆ.

ಇಲ್ಲಿಗೆ ಹೋಗಬೇಕೆಂಬ ಆಸೆಯುಳ್ಳವರಿಗೆ ಒಂದೆರಡು ಮಾತು. ಬಂಡೆಯನ್ನೂ ನೀರನ್ನೂ ಒಟ್ಟಿಗೆ ಚೆನ್ನಾಗಿ ನೋಡಬೇಕಾದರೆ ಆಗಸ್ಟಿನ ಸುಮಾರಿಗೆ ಹೋಗಿ. ಹೆಸರು ಹೇಳುವುದನ್ನು ಅನುಭವಿಸಬೇಕಾದರೆ ಏಪ್ರಿಲ್ ಮೇ ತಿಂಗಳಲ್ಲಿ ಹೋಗಿ; ಏನೂ ಕಾಣಿಸದಿದ್ದರೆ ಬೇಸರಪಡಬೇಡಿ. ಎರಡು ದಡಗಳಿಗೂ ಹೋಗಿ. ಮನೆಯ ಹಿರಿಯರನ್ನು ಮಂಡಿನೋವಿನ ನೆಪದಿಂದ ಊರಿನಲ್ಲಿ ಬಿಟ್ಟುಹೋಗಬೇಡಿ. ಮರದ ಕೆಳಗೆ ಕುಳಿತು ಕೇಳುವವರಿಗೂ ಅಲ್ಲಿ ಪಾಲುಂಟು. ಚಪಾತಿಯ ಗಂಟನ್ನು ಮಾತ್ರ ಕೈಯಿಂದ ಬಿಡಬೇಡಿ.